ಅರಸೀಕೆರೆಯಲ್ಲಿ ರೈಲು ತಪ್ಪಿತು, ದುಡ್ಡು ತಪ್ಪಲಿಲ್ಲ

ಮಗಳು ಪುಣೆ ಸೇರಿದ ಮೇಲೆ ನಾನೂ ನನ್ನಾಕೆಯೂ ವರ್ಷಕ್ಕೆ ನಾಲ್ಕೈದು ಸಲ ಶಿವಮೊಗ್ಗದಿಂದ ಹೊರಡುತ್ತೇವೆ. ಶಿವಮೊಗ್ಗದ ಲೈನು ಪುಣೆ ದಾರಿಗೆ ಸೇರುವುದು ಬೀರೂರಿನಲ್ಲಿ, ಆದರೆ ನಮಗೆ ಹೊಂದುವ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅರಸೀಕೆರೆವರೆಗೆ ಒಂದು ಟಿಕೆಟ್, ಅಲ್ಲಿಂದ ಪುಣೆಗೆ ಇನ್ನೊಂದು. "ಮುಂದಕ್ಕೆ ಹೋಗೋಕೆ ಹಿಂದಕ್ಕೆ ಹೋಗ್ತೀಯಲ್ಲೋ, ಎರಡೂ ಟಿಕೆಟ್ ಕಳ್ಕೊಳ್ತೀಯ ನೋಡು" ಅಂತ ಭಾವ ನಗುತ್ತಿದ್ದರು.

2018ರಲ್ಲಿ ಅವರ ಮಾತೇ ನಿಜವಾಯಿತು. ಮೊದಲ ಗಾಡಿ ತಡ, ಎರಡನೆಯದು ಹೊರಟೇ ಹೋಗಿತ್ತು. ಎರಡು ಥರ್ಡ್ ಎಸಿ, 2,000ದ ಮೇಲೆ ಚಿಲ್ಲರೆ, ಒಂದು ಪೈಸೆಯೂ ವಾಪಸ್ ಬರಲಿಲ್ಲ. ಬಸ್ಸಿಗೆ ಹೆಚ್ಚುಕಮ್ಮಿ ಅಷ್ಟೇ ಮತ್ತೆ ಹೋಯಿತು.

2019ರ ಏಪ್ರಿಲ್‌ನಿಂದ ಎರಡು ಟಿಕೆಟ್ಟಿನ ಪಿಎನ್‌ಆರ್ ನಂಬರ್ ಲಿಂಕ್ ಮಾಡುವ ಸೌಲಭ್ಯ ಬಂತು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಎರಡನೇ ಟಿಕೆಟ್ಟಿನ ದುಡ್ಡು ಕ್ಯಾನ್ಸಲೇಷನ್ ಚಾರ್ಜ್ ಇಲ್ಲದೆ ವಾಪಸ್. ಕೇಳೋಕೆ ಸುಲಭ. ನನ್ನ ಮೊದಲ ಪ್ರಯತ್ನ ಹೆಸರಿನಲ್ಲೇ ಮುಗ್ಗರಿಸಿತು. ಒಂದು ಟಿಕೆಟ್ಟಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಲಿಂಕ್ ಆಗಲಿಲ್ಲ. ಮುಂದಿನ ಸಲ ಲಿಂಕ್ ಆಯಿತು, ಗಾಡಿಯೂ ತಪ್ಪಿತು. ಆದರೆ ನಾನು ಆರಾಮಾಗಿ ಹೋಟೆಲಿಗೆ ಹೋಗಿ ಊಟಕ್ಕೆ ಕೂತೆ. ಮೊದಲ ಗಾಡಿ ಬಂದು ಮುಟ್ಟಿದ ಮೂರು ಗಂಟೆಯೊಳಗೆ ಟಿಡಿಆರ್, ಅಂದರೆ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಬೇಕು. ನನಗೆ ನೆನಪಾಗಿದ್ದು ಬಸ್ಸಿನಲ್ಲಿ, ನಾಲ್ಕನೇ ಗಂಟೆಗೆ.

ಕೊನೆಗೂ ಗೆದ್ದದ್ದು ಕಳೆದ ಮಳೆಗಾಲದಲ್ಲಿ. ನಮ್ಮ ಗಾಡಿ ಸಿಗ್ನಲ್ ಸಿಗದೆ ಹೊಲದ ನಡುವೆ ನಿಂತಿತ್ತು. ಕಿಟಕಿಯಾಚೆ ತೆಂಗಿನ ತೋಟ, ಜಡಿಮಳೆ. ಫೋನಿನಲ್ಲಿ ಪುಣೆ ಗಾಡಿ ಅರಸೀಕೆರೆ ಬಿಟ್ಟಿದ್ದು ಕಾಣಿಸಿತು. ಬ್ಯಾಟರಿ ಒಂಬತ್ತು ಪರ್ಸೆಂಟ್. ಪ್ಲಾಟ್‌ಫಾರ್ಮಿಗೆ ಇಳಿದವನೇ ಚಹಾದವನ ಹತ್ತಿರ ಪ್ಲಗ್ ಬೇಡಿ, ಬೆಂಚಿನ ತುದಿಯಲ್ಲಿ ಕೂತು ಟಿಡಿಆರ್ ಹಾಕಿದೆ. ಆಮೇಲೇ ಚಹಾ. ಮೂರು ನಾಲ್ಕು ವಾರಕ್ಕೆ 2,500 ಚಿಲ್ಲರೆ ಖಾತೆಗೆ ಬಂತು. ಕನ್ವೀನಿಯೆನ್ಸ್ ಫೀ ಮಾತ್ರ ಹೋಯಿತು. ಆ ಮೆಸೇಜಿನ ಸ್ಕ್ರೀನ್‌ಶಾಟ್ ಭಾವನಿಗೆ ಕಳಿಸದೆ ಇರಲು ನನ್ನಿಂದ ಆಗಲಿಲ್ಲ.

ಶಿವಮೊಗ್ಗದಿಂದ ಯಾವ ಹೊತ್ತಿಗೆ ಹೊರಡುತ್ತೇವೋ ಗೊತ್ತಿಲ್ಲದಾಗ ಬೇರೆ ದಾರಿ. ಪುಣೆ ಟಿಕೆಟ್ ಅರಸೀಕೆರೆಯಿಂದಲೇ. ಈಗ 60 ದಿನ ಮುಂಚೆಯಷ್ಟೇ ಬುಕಿಂಗ್ ಅಲ್ವಾ, ಮೊದಲಿನ 120 ದಿನದ ಕಾಲದಷ್ಟು ಊಹೆ ಮಾಡಬೇಕಿಲ್ಲ. ಹೊರಡುವ ಎರಡು ದಿನ ಮುಂಚೆ ನೋಡಿ, ಬೇಕಾದರೆ ಬೋರ್ಡಿಂಗ್, ಅಂದರೆ ಹತ್ತುವ ಸ್ಟೇಷನ್, ದಾವಣಗೆರೆಗೆ ಬದಲಿಸುತ್ತೇನೆ. ಮೊದಲ ರೈಲಿನ ಟಿಕೆಟ್ ಕ್ಯಾನ್ಸಲ್, ಶಿವಮೊಗ್ಗದಿಂದ ದಾವಣಗೆರೆಗೆ ಬಸ್ಸು. ಹತ್ತದ ದೂರಕ್ಕೆ ತಲಾ 150ರಿಂದ 200 ಜಾಸ್ತಿ ಕೊಟ್ಟ ಹಾಗೆ ಆಗುತ್ತದೆ. ಆಗಲಿ. ಆದರೆ ಬದಲಿಸಿದ ಮೇಲೆ ಅರಸೀಕೆರೆಯಲ್ಲಿ ಹತ್ತುವ ಹಕ್ಕು ಹೋಯಿತು. ಒಮ್ಮೆ ಮನಸ್ಸು ಬದಲಾಗಿ ಅಲ್ಲೇ ಹತ್ತಿ ಟಿಕೆಟ್ ನೋಡುವ ಟಿಟಿಇ ಕೈಗೆ ಸಿಕ್ಕೆ. ನನ್ನಾಕೆ ದಾವಣಗೆರೆವರೆಗೂ ಮಾತಾಡಲಿಲ್ಲ. ಲಿಂಕ್, ಬೋರ್ಡಿಂಗ್ ಬದಲಾವಣೆ ಎರಡನ್ನೂ ಒಂದೇ ಟಿಕೆಟ್ಟಿಗೆ ನಾನು ಹಚ್ಚುವುದಿಲ್ಲ. ಯಾವ ಸ್ಟೇಷನ್ನಿನಿಂದ ಬುಕ್ ಮಾಡಿದರೆ ವೇಟಿಂಗ್ ಲಿಸ್ಟ್ ಬೇಗ ಕರಗುತ್ತದೆ ಅನ್ನುವುದನ್ನೂ ಕಂಡುಕೊಂಡಿದ್ದೇನೆ. ಅದು ನನ್ನಲ್ಲೇ ಇರಲಿ, ದಸರಾ ಬರ್ತಾ ಇದೆ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಬ್ರೇಕ್ ಜರ್ನಿ ಮಾಡಿ ಧಾರವಾಡದಲ್ಲಿ ಇಳಿದು, ಪೇಡೆ ಕಟ್ಟಿಸಿಕೊಂಡು, ಮರುದಿನ ಅದೇ ಟಿಕೆಟ್ಟಿನಲ್ಲಿ ಮುಂದುವರಿಯೋಣ ಅಂತ. ಮೊದಲು 500 ಕಿ.ಮೀ. ದಾಟಿರಬೇಕಂತೆ. ಅರಸೀಕೆರೆಯಿಂದ ಧಾರವಾಡಕ್ಕೆ ಸುಮಾರು 320 ಅಷ್ಟೇ. ಪೇಡೆಯನ್ನು ಮಗಳೇ ಆನ್‌ಲೈನಿನಲ್ಲಿ ತರಿಸಿಕೊಂಡಳು.

ಮೊನ್ನೆ ರಾತ್ರಿ ಹತ್ತಕ್ಕೆ ಭಾವನ ಫೋನು. ನಾಸಿಕ್‌ಗೆ ಹೊರಟಿದ್ದಾರೆ, ಎರಡು ಗಾಡಿ. ಪೀಠಿಕೆ ಏನೂ ಇಲ್ಲ. "ಆ ಇನಿಷಿಯಲ್ ಮುಂದೆ ಹಾಕ್ಬೇಕೋ, ಹಿಂದೋ?" ಅಂತ ಕೇಳಿದರು.