ಟೊರೆಂಟ್ ಕುಂಟುತ್ತಿದೆಯೇ? ಕೇಬಲ್‌ನವರನ್ನು ಬೈಯುವ ಮೊದಲು ಇಷ್ಟು ನೋಡಿ

ಟೊರೆಂಟ್ (ಪೂರ್ತಿ ಹೆಸರು ಬಿಟ್‌ಟೊರೆಂಟ್) ಅಂದರೆ ಒಂದೇ ಫೈಲ್ ಬೇಕಾದವರು, ಇರುವವರು ಅದನ್ನು ತುಂಡುತುಂಡಾಗಿ ಒಬ್ಬರಿಗೊಬ್ಬರು ಹಂಚಿಕೊಳ್ಳುವ ಪದ್ಧತಿ. ಕಳೆದ ತಿಂಗಳು ಸಾಗರದಿಂದ ಅಣ್ಣನ ಮಗ ಫೋನ್ ಮಾಡಿದ. ದನಿಯಲ್ಲೇ ಸಿಟ್ಟಿತ್ತು.

"ಚಿಕ್ಕಪ್ಪ, ನೂರರ ಪ್ಲಾನ್ ಹಾಕ್ಸಿದೀವಿ. ಟೊರೆಂಟ್‌ನಲ್ಲಿ ಹನ್ನೊಂದರ ಮೇಲೆ ಹೋಗ್ತಾನೇ ಇಲ್ಲ. ಕೇಬಲ್‌ನವ್ರು ಟೋಪಿ ಹಾಕ್ತಿದಾರೆ."

"ಹನ್ನೊಂದರ ಪಕ್ಕದಲ್ಲಿ ಏನು ಬರೆದಿದೆ ನೋಡು ಮಾರಾಯ" ಅಂದೆ. ನೋಡಿದ. ಮೆಗಾಬೈಟ್ ಅಂತಿತ್ತು. ಪ್ಲಾನ್ ಇದ್ದದ್ದು ಮೆಗಾಬಿಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ 12.5. ಅದರಲ್ಲಿ ದಾರಿಖರ್ಚು ಅಂತ ಸ್ವಲ್ಪ ಹೋಗಿ ಹನ್ನೊಂದರ ಆಸುಪಾಸು ಕೈಗೆ ಸಿಗುತ್ತದೆ. ಅವನಿಗೆ ಸಿಗುತ್ತಿದ್ದದ್ದು ಪೂರ್ತಿ ಸ್ಪೀಡೇ!

ಹಾಗಾಗಿ ಮೊದಲ ಕೆಲಸ ಈ ಲೆಕ್ಕ. ನಿಮ್ಮ ಪ್ಲಾನ್ 40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್) ಆಗಿದ್ದರೆ ಸೆಕೆಂಡಿಗೆ 5 ಮೆಗಾಬೈಟ್‌ಗಿಂತ ಜಾಸ್ತಿ ಯಾವ ದೇವರೂ ಕೊಡುವುದಿಲ್ಲ. ಜೊತೆಗೆ ತಿಂಗಳ ಡೇಟಾ ಮಿತಿ ಮುಗಿದಿದೆಯಾ ಅಂತಲೂ ಕಂಪನಿಯ ಆ್ಯಪ್‌ನಲ್ಲಿ ನೋಡಿಬಿಡಿ. ಅನ್‌ಲಿಮಿಟೆಡ್ ಅಂತ ಹೇಳುವ ಪ್ಲಾನ್‌ಗಳಿಗೂ ಸಾಮಾನ್ಯವಾಗಿ ಒಂದು ಮಿತಿ ಇರುತ್ತದೆ. ಅದು ದಾಟಿದ ಮೇಲೆ ಎಲ್ಲವೂ ನಿಧಾನ, ಟೊರೆಂಟ್ ಒಂದೇ ಅಲ್ಲ.

ಒಂದು ಪರೀಕ್ಷೆ, ಅರ್ಧ ಉತ್ತರ

ಸೆಟ್ಟಿಂಗ್ ತಿರುಚಲು ಕೂರುವ ಮೊದಲು ಒಂದು ಒಳ್ಳೆಯ ಟೊರೆಂಟ್ ಹಾಕಿ ನೋಡಿ. ನಾನು ಯಾವಾಗಲೂ ಬಳಸುವುದು ಉಬುಂಟು ಲಿನಕ್ಸ್, ವಿಂಡೋಸ್ ಥರದ್ದೇ ಒಂದು ಉಚಿತ ಆಪರೇಟಿಂಗ್ ಸಿಸ್ಟಮ್. ಅದರ ಅಧಿಕೃತ ತಾಣದಲ್ಲೇ ಟೊರೆಂಟ್ ಫೈಲ್ ಸಿಗುತ್ತದೆ, 24.04 ಆವೃತ್ತಿ ಸುಮಾರು 6 ಜಿಬಿ. ಪೂರ್ತಿ ಕಾನೂನುಬದ್ಧ. ಹಂಚುವವರು ಯಾವಾಗಲೂ ನೂರಾರು ಜನ ಇರುತ್ತಾರೆ. ಅದೇ ಫೈಲನ್ನು ಬ್ರೌಸರ್‌ನಲ್ಲೂ ಒಂದೆರಡು ನಿಮಿಷ ಇಳಿಸಿ ಹೋಲಿಸಿ.

ಉಬುಂಟು ಜೋರಾಗಿ ಇಳಿದು ನಿಮ್ಮ ಫೈಲ್ ಮಾತ್ರ ಕುಂಟುತ್ತಿದ್ದರೆ ತಪ್ಪು ಆ ಟೊರೆಂಟಿನದ್ದು. ಬ್ರೌಸರ್‌ನಲ್ಲೂ ಟೊರೆಂಟ್‌ನಲ್ಲೂ ನಿಧಾನವಾಗಿದ್ದರೆ ನಿಮ್ಮ ವೈಫೈ ಅಥವಾ ಲೈನ್ ನೋಡಬೇಕು. ಬ್ರೌಸರ್‌ನಲ್ಲಿ ಓಡುತ್ತಿದೆ, ಟೊರೆಂಟ್‌ನಲ್ಲಿ ಮಾತ್ರ ತೆವಳುತ್ತಿದೆ ಅಂದರೆ ಸೆಟ್ಟಿಂಗ್, ರೂಟರ್ ಅಥವಾ ಕಂಪನಿ. ಈ ಪರೀಕ್ಷೆ ಮಾಡದೆ ಯೂಟ್ಯೂಬ್‌ನಲ್ಲಿ ಸ್ಪೀಡ್ ಜಾಸ್ತಿ ಮಾಡುವ ಹತ್ತು ಉಪಾಯ ನೋಡಿದರೆ ಹತ್ತು ಹೊಸ ತೊಂದರೆ ಬರುತ್ತವೆ, ಅಷ್ಟೆ.

ಇಲ್ಲಿ ನಾನು ಕ್ಯೂಬಿಟ್‌ಟೊರೆಂಟ್ ಎಂಬ ಉಚಿತ ತಂತ್ರಾಂಶದ ಲೆಕ್ಕದಲ್ಲಿ ಬರೆಯುತ್ತಿದ್ದೇನೆ. ಬೇರೆಯವುಗಳಲ್ಲೂ ಇವೇ ಸೆಟ್ಟಿಂಗ್‌ಗಳು ಸ್ವಲ್ಪ ಬೇರೆ ಜಾಗದಲ್ಲಿ ಇರುತ್ತವೆ.

ಕೊಡುವವರು ಇದ್ದಾರಾ?

ಸೀಡ್ಸ್ ಎಂಬ ಕಾಲಂನಲ್ಲಿ 3 (41) ಎಂಬಂತೆ ಎರಡು ಸಂಖ್ಯೆ ಕಾಣುತ್ತದೆ. ಹೊರಗಿನದು ಪೂರ್ತಿ ಫೈಲ್ ಇಟ್ಟುಕೊಂಡಿರುವವರಲ್ಲಿ ನಿಮಗೆ ಈಗ ಸಂಪರ್ಕ ಸಿಕ್ಕಿರುವವರು. ಕಂಸದೊಳಗಿನದು ಒಟ್ಟು ಇದ್ದಾರೆ ಅಂತ ಗೊತ್ತಾಗಿರುವವರು. 0 (0) ಇದ್ದರೆ ಕಾಯುವುದೇ ದಾರಿ. 0 (1) ಇದ್ದರೆ ಒಬ್ಬರಿದ್ದಾರೆ, ನಿಮಗೆ ಸಿಗುತ್ತಿಲ್ಲ. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಬ್ರಾಮ್ ಕೋಹೆನ್ 2001ರಲ್ಲಿ ಬಿಟ್‌ಟೊರೆಂಟ್ ಮಾಡಿದಾಗ ಇಟ್ಟ ನಿಯಮ ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯ ಹಾಗೇ ಇದೆ. ನನ್ನ ಗದ್ದೆ ನಾಟಿಗೆ ನೀನು ಬಾ, ನಿನ್ನ ಗದ್ದೆಗೆ ನಾನು ಬರುತ್ತೇನೆ. ಇನ್ನೂ ಇಳಿಸುತ್ತಿರುವವರು ತಮಗೆ ಚೆನ್ನಾಗಿ ಕೊಡುತ್ತಿರುವವರಿಗೇ ಮೊದಲು ಕೊಡುತ್ತಾರೆ. ಹೊಸಬರಿಗೆ ಕೊಡಲು ಏನೂ ಇರುವುದಿಲ್ಲವಲ್ಲ, ಅದಕ್ಕೆ ಸುಮಾರು 30 ಸೆಕೆಂಡಿಗೊಮ್ಮೆ ಯಾರಾದರೊಬ್ಬ ಹೊಸಬರಿಗೆ ಸುಮ್ನೆ ಒಂದು ಅವಕಾಶ ಸಿಗುತ್ತದೆ. ಮೊದಲ ಒಂದೆರಡು ನಿಮಿಷ ಸ್ಪೀಡ್ ಏಳದಿದ್ದರೆ ಗಾಬರಿಯಾಗಬೇಡಿ.

ಅಪ್‌ಲೋಡ್ ಎಂಬ ಮರೆತ ನಲ್ಲಿ

ನಾನೇ ಎಡವಿದ ಜಾಗ ಇದು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಸಂಜೆ ಆರಕ್ಕೆ ನೆಟ್ ಸಾಯುತ್ತಿತ್ತು. ಹೆಂಡತಿಯ ಆನ್‌ಲೈನ್ ಸಂಗೀತ ಪಾಠದಲ್ಲಿ ಗುರುಗಳು ಆಲಾಪದ ನಡುವೆ ಕಲ್ಲಾಗಿ ನಿಲ್ಲುತ್ತಿದ್ದರು. ಕಂಪನಿಗೆ ಮೂರು ಸಲ ದೂರು ಕೊಟ್ಟೆ. ಬಂದ ಹುಡುಗ ನನ್ನ ಕಂಪ್ಯೂಟರ್ ಪರದೆ ನೋಡಿ, "ಸರ್, ಇದು ಏನು ಮೇಲಕ್ಕೆ ಕಳಿಸ್ತಾ ಇದೆ?" ಅಂದ. ಆಫೀಸಿನಿಂದ ಬಂದ ಕೂಡಲೇ ನಾನು ಕಂಪ್ಯೂಟರ್ ಹಾಕುತ್ತಿದ್ದೆ. ಟೊರೆಂಟ್ ತಾನಾಗಿ ಶುರುವಾಗಿ ಇದ್ದಬದ್ದ ಅಪ್‌ಲೋಡ್ ಪೂರ್ತಿ ಎಳೆದುಕೊಳ್ಳುತ್ತಿತ್ತು. ಹುಡುಗನಿಗೆ ಕಾಫಿ ಕೊಟ್ಟು ಕಳಿಸಿದೆ, ಇನ್ನೇನು ಮಾಡುವುದು.

ಆಗುವುದು ಇಷ್ಟು. ನೀವು ಇಳಿಸುವ ಡೇಟಾಗೆ "ತಲುಪಿತು, ಮುಂದಿನದು ಕಳಿಸು" ಎಂಬ ಪುಟ್ಟ ಉತ್ತರ ಮೇಲಕ್ಕೆ ಹೋಗುತ್ತಲೇ ಇರಬೇಕು. ಮೇಲೆ ಹೋಗುವ ದಾರಿ ತುಂಬಿದ್ದರೆ ಆ ಉತ್ತರಗಳು ಸಾಲಿನಲ್ಲಿ ನಿಲ್ಲುತ್ತವೆ. ಉತ್ತರ ತಡವಾದರೆ ಕಳಿಸುವವರೂ ತಡೆಯುತ್ತಾರೆ. ಹೀಗೆ ಅಪ್‌ಲೋಡ್ ತುಂಬಿದ್ದಕ್ಕೆ ಡೌನ್‌ಲೋಡ್ ಬೀಳುತ್ತದೆ.

ಟೂಲ್ಸ್ ಮೆನುವಿನಲ್ಲಿ ಆಪ್ಶನ್ಸ್, ಅದರಲ್ಲಿ ಸ್ಪೀಡ್ ತೆರೆಯಿರಿ. ಅಪ್‌ಲೋಡ್ ಮುಂದೆ 0 ಅಥವಾ ∞ ಇದ್ದರೆ ಮಿತಿ ಇಲ್ಲ ಅಂತ ಅರ್ಥ. ಸ್ಪೀಡ್ ಟೆಸ್ಟ್ ಮಾಡಿ ಬಂದ ಅಪ್‌ಲೋಡ್‌ನ ಶೇ 80ರಷ್ಟನ್ನು ಅಲ್ಲಿ ಹಾಕಿ. 10 ಎಂಬಿಪಿಎಸ್ ಅಪ್‌ಲೋಡ್ ಅಂದರೆ 1250 ಕಿಲೋಬೈಟ್, ಹಾಗಾಗಿ 1000 ಸಾಕು. ಜಿಪುಣತನ ಮಾಡಿ 10 ಅಂತ ಹಾಕಬೇಡಿ. ಮುಯ್ಯಿಗೆ ಹೋಗದವರ ಗದ್ದೆಗೆ ಯಾರೂ ಬರುವುದಿಲ್ಲ.

ಹಸಿರೋ, ಹಳದಿಯೋ

ಕಿಟಕಿಯ ಕೆಳಪಟ್ಟಿಯಲ್ಲಿ ಒಂದು ಸಣ್ಣ ಚಿಹ್ನೆ ಇದೆ. ಹಸಿರಾಗಿದ್ದರೆ ಹೊರಗಿನವರು ನಿಮ್ಮನ್ನು ಬಂದು ತಲುಪಬಲ್ಲರು. ಹಳದಿ ಬೆಂಕಿಯಂತಿದ್ದರೆ ನೀವು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರುವಂತಿಲ್ಲ. ಕೆಂಪಾಗಿದ್ದರೆ ಸಂಪರ್ಕವೇ ಇಲ್ಲ.

ಹಳದಿ ಕಂಡ ಕೂಡಲೇ ಪೋರ್ಟ್, ಅಂದರೆ ಹೊರಗಿನವರು ಒಳಗೆ ಬರುವ ನಂಬರಿನ ಬಾಗಿಲು, ತೆರೆಯಲು ಓಡುವವರಿದ್ದಾರೆ. ನನ್ನ ಪ್ರಕಾರ ಉಬುಂಟು ಥರದ ಜನಪ್ರಿಯ ಟೊರೆಂಟ್‌ಗೆ ಆ ಗೋಜೇ ಬೇಡ, ಹಳದಿಯಲ್ಲೂ ಪೂರ್ತಿ ಸ್ಪೀಡ್ ಬರುತ್ತದೆ. ಒಬ್ಬಿಬ್ಬರೇ ಹಂಚುವ ಹಳೆಯ ಫೈಲ್ ಆದರೆ ಇದು ಮುಖ್ಯ. ಅವರೂ ಹಳದಿ, ನೀವೂ ಹಳದಿ ಆದರೆ ಇಬ್ಬರೂ ಬಾಗಿಲು ಹಾಕಿಕೊಂಡು ಒಬ್ಬರಿಗೊಬ್ಬರು ಕಾಯುತ್ತಾ ಕೂತ ಹಾಗೆ. ಆಗಲೇ ಹೇಳಿದ 0 (1) ಹೀಗೂ ಆಗುತ್ತದೆ.

ಮೊದಲು ವಿಂಡೋಸ್ ಫೈರ್‌ವಾಲ್‌ನಲ್ಲಿ (ಹೊರಗಿನಿಂದ ಬರುವುದನ್ನು ತಡೆಯುವ ಕಾವಲಿನಲ್ಲಿ) ತಂತ್ರಾಂಶಕ್ಕೆ ಅನುಮತಿ ಇದೆಯಾ ನೋಡಿ. ಮೊದಲ ದಿನ ಬರುವ ಪ್ರಶ್ನೆಗೆ ಅವಸರದಲ್ಲಿ ಕ್ಯಾನ್ಸಲ್ ಒತ್ತಿದವರೇ ಹೆಚ್ಚು. ಆಮೇಲೆ ಆಪ್ಶನ್ಸ್‌ನ ಕನೆಕ್ಷನ್ ವಿಭಾಗದಲ್ಲಿ ಯುಪಿಎನ್‌ಪಿ ಟಿಕ್ ಮಾಡಿ, ತಂತ್ರಾಂಶ ತಾನೇ ರೂಟರ್‌ನಲ್ಲಿ ಪೋರ್ಟ್ ತೆರೆಸಿಕೊಳ್ಳುವ ವ್ಯವಸ್ಥೆ ಅದು. ರೂಟರ್ ಪುಟದಲ್ಲೂ ಅದು ಆನ್ ಇರಬೇಕು. ಆ ಪುಟ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಎಂಬ ವಿಳಾಸದಲ್ಲಿ ತೆರೆಯುತ್ತದೆ. ತಂತ್ರಾಂಶದ ಅದೇ ಕನೆಕ್ಷನ್ ವಿಭಾಗದಲ್ಲಿ ಪೋರ್ಟ್ ಸಂಖ್ಯೆಯನ್ನೂ ಗಮನಿಸಿ. 6881ರಿಂದ 6889 ಬಿಟ್‌ಟೊರೆಂಟ್‌ನ ಹಳೆಯ ಪೋರ್ಟ್‌ಗಳು. ತಡೆಯಬೇಕು ಅಂದುಕೊಂಡವರು ಮೊದಲು ತಡೆಯುವುದು ಅವನ್ನೇ. 50000ದ ಆಸುಪಾಸಿನ ಯಾವುದಾದರೂ ಸಂಖ್ಯೆ ಹಾಕಿ.

ಇಷ್ಟಾದರೂ ಹಳದಿಯೇ? ಹಾಗಾದರೆ ವಠಾರದ ಸಮಸ್ಯೆ ಇರಬಹುದು. ಇಂಟರ್ನೆಟ್‌ನಲ್ಲಿ ಮನೆಯನ್ನು ಗುರುತಿಸುವ ಐಪಿ ವಿಳಾಸಗಳಿಗೆ ಬರ ಇರುವುದರಿಂದ ಕಂಪನಿಗಳು ಹತ್ತಾರು ಮನೆಗಳಿಗೆ ಒಂದೇ ವಿಳಾಸ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ವಠಾರದಿಂದ ಹೊರಗೆ ಹೋಗಿ ಬರುವವರಿಗೆ ತೊಂದರೆ ಇಲ್ಲ. ಹೊರಗಿನವರು ಗೇಟಿಗೆ ಬಂದರೆ ಯಾವ ಮನೆ ಅಂತ ಹೇಳುವವರು ಯಾರೂ ಇಲ್ಲ. ಪತ್ತೆ ಮಾಡುವುದು ಸುಲಭ. ರೂಟರ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೂಟರ್‌ನ ಹೊರಗಿನ ಕಡೆಯ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ, ಅಥವಾ 10ರಿಂದ ಶುರುವಾದರೆ, ನೀವು ವಠಾರದಲ್ಲಿದ್ದೀರಿ. ಮನೆಯಲ್ಲಿ ಕಂಪನಿಯ ಮೋಡೆಮ್ ಜೊತೆ ನಿಮ್ಮದೇ ಇನ್ನೊಂದು ರೂಟರ್ ಇದ್ದರೆ ಮೋಡೆಮ್‌ನ ಪುಟವನ್ನೇ ನೋಡಬೇಕು. ವ್ಯಾನ್ ಐಪಿ 192.168ರಿಂದ ಶುರುವಾದರೆ ನೀವು ನೋಡುತ್ತಿರುವುದು ಒಳಗಿನ ರೂಟರ್ ಅಂತ ಲೆಕ್ಕ.

ವಠಾರದಲ್ಲಿದ್ದಾಗ ರೂಟರ್‌ನಲ್ಲಿ ಪೋರ್ಟ್ ಎಷ್ಟು ತೆರೆದರೂ ದಂಡ. ಎರಡು ದಾರಿ ಇವೆ. ಒಂದು, ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೊಬ್ಬರಿಗೇ ಸೇರಿದ ಬದಲಾಗದ ವಿಳಾಸ ತೆಗೆದುಕೊಳ್ಳುವುದು. ಟೊರೆಂಟ್ ಒಂದಕ್ಕೇ ಆದರೆ ನಾನು ಕೊಡುವುದಿಲ್ಲ. ಇನ್ನೊಂದು ಐಪಿವಿ6 ಎಂಬ ಹೊಸ ಮಾದರಿಯ ವಿಳಾಸ. ಇದರಲ್ಲಿ ವಿಳಾಸಗಳಿಗೆ ಬರವಿಲ್ಲ, ಪ್ರತಿ ಮನೆಗೂ ಸ್ವಂತ ಬಾಗಿಲು. ನಮ್ಮ ದೇಶದ ದೊಡ್ಡ ಕಂಪನಿಗಳು ಕೊಡುತ್ತಿವೆ, ಆದರೆ ಎಷ್ಟೋ ಮನೆಗಳ ರೂಟರ್‌ನಲ್ಲಿ ಅದು ಆಫ್ ಇರುತ್ತದೆ. ಆನ್ ಮಾಡಿ, ರೂಟರ್‌ನ ಐಪಿವಿ6 ಫೈರ್‌ವಾಲ್‌ನಲ್ಲಿ ನಿಮ್ಮ ಪೋರ್ಟ್ ಒಂದಕ್ಕೆ ಮಾತ್ರ ದಾರಿ ಬಿಡಿ. ಫೈರ್‌ವಾಲನ್ನೇ ಪೂರ್ತಿ ತೆಗೆದುಬಿಡಬೇಡಿ.

ಸಣ್ಣಪುಟ್ಟವು

ಕಂಪ್ಯೂಟರ್‌ಗೂ ರೂಟರ್‌ಗೂ ನಡುವೆ ಎರಡು ಗೋಡೆ ಇದ್ದರೆ ಒಮ್ಮೆ ಲ್ಯಾನ್ ವಯರ್ ಹಾಕಿ ನೋಡಿ. ರಾತ್ರಿ ಟೊರೆಂಟ್ ಹಾಕಿ ಬೆಳಿಗ್ಗೆ ಏಳುವಷ್ಟರಲ್ಲಿ ರೂಟರೇ ಮಂಕಾಗಿ, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಅಂದರೆ ಅದಕ್ಕೆ ಸಂಪರ್ಕಗಳ ಭಾರ ತಡೆಯುತ್ತಿಲ್ಲ. ಕನೆಕ್ಷನ್ ವಿಭಾಗದಲ್ಲಿ ಒಟ್ಟು ಕನೆಕ್ಷನ್ 500 ಇರುವುದನ್ನು 200ಕ್ಕೆ ಇಳಿಸಿ. ಹಾಗೇ ನೇರವಾಗಿ ಪೆನ್‌ಡ್ರೈವ್‌ಗೆ ಇಳಿಸುವ ಅಭ್ಯಾಸ ಬಿಡಿ. ಅದು ನಿಧಾನ. ಜೊತೆಗೆ ಹಳೆಯ ಫ್ಯಾಟ್32 ಮಾದರಿಯದ್ದಾದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಸುವುದೇ ಇಲ್ಲ, ಎರರ್ ಅಂತ ನಿಂತುಬಿಡುತ್ತದೆ.

ಕಂಪನಿಯೇ ತಡೆಯುತ್ತಿದೆಯಾ?

ಈಗ ಮಾತ್ರ ಈ ಪ್ರಶ್ನೆ. ಅನುಮಾನ ಸುಳ್ಳೇನಲ್ಲ. ಅಮೆರಿಕದ ಕಾಮ್‌ಕಾಸ್ಟ್ ಕಂಪನಿ 2007ರಲ್ಲಿ ಹೀಗೇ ಸಿಕ್ಕಿಬಿದ್ದಿತ್ತು. ಇಬ್ಬರು ಟೊರೆಂಟ್‌ನಲ್ಲಿ ಮಾತಾಡುತ್ತಿದ್ದರೆ ನಡುವೆ ಅದು ಒಬ್ಬರ ದನಿಯಲ್ಲಿ "ಸಾಕು, ಇಡ್ತೀನಿ" ಎಂದು ಸುಳ್ಳು ಸಂದೇಶ ಕಳಿಸುತ್ತಿತ್ತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಬೈಬಲ್ಲನ್ನೇ ಟೊರೆಂಟ್ ಮಾಡಿ ಇದನ್ನು ಪರೀಕ್ಷಿಸಿತು. ನಮ್ಮಲ್ಲಿ 2018ರಲ್ಲಿ ಒಪ್ಪಿಕೊಂಡ ನೆಟ್ ನ್ಯೂಟ್ರಾಲಿಟಿ ನಿಯಮಗಳ ಪ್ರಕಾರ ಕಂಪನಿಗಳು ಡೇಟಾದಲ್ಲಿ ಭೇದ ಮಾಡುವಂತಿಲ್ಲ. ಜಾಲ ನಿರ್ವಹಣೆಯ ಹೆಸರಲ್ಲಿ ಒಂದಿಷ್ಟು ವಿನಾಯಿತಿ ಇದೆ.

ಲಕ್ಷಣಗಳು ಇವು. ಕೆಳಪಟ್ಟಿಯಲ್ಲಿ ಡಿಎಚ್‌ಟಿ (ಹಂಚುವವರನ್ನು ತಾನಾಗಿ ಹುಡುಕುವ ಜಾಲ) ಸಂಖ್ಯೆ ಹತ್ತು ನಿಮಿಷವಾದರೂ 0 ಇದ್ದರೆ, ಅದು ಬಳಸುವ ಯುಡಿಪಿ ಎಂಬ ಸಾಗಣೆ ವಿಧಾನ ಎಲ್ಲೋ ನಿಂತಿದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದೇ ಉಬುಂಟು ಓಡಿ ಮನೆಯ ಲೈನ್‌ನಲ್ಲಿ ತೆವಳಿದರೂ ಅನುಮಾನ ಪಡಬಹುದು. ಆಗ ಆಪ್ಶನ್ಸ್‌ನ ಬಿಟ್‌ಟೊರೆಂಟ್ ವಿಭಾಗದಲ್ಲಿ ಎನ್‌ಕ್ರಿಪ್ಶನ್ (ನಡುವಿನವರಿಗೆ ಓದಲಾಗದಂತೆ ಗುಟ್ಟಾಗಿ ಕಳಿಸುವುದು) ಕಡ್ಡಾಯ ಮಾಡಿ ನೋಡಿ. ವ್ಯತ್ಯಾಸ ಕಾಣದಿದ್ದರೆ ಮೊದಲಿನಂತೆಯೇ ಬಿಡಿ, ಕಡ್ಡಾಯ ಮಾಡಿದರೆ ಸಿಗುವ ಜನ ಕಡಿಮೆಯಾಗುತ್ತಾರೆ. ಹಾಸ್ಟೆಲ್, ಪಿಜಿ, ಆಫೀಸಿನ ನೆಟ್ ಆದರೆ ನಡೆಸುವವರನ್ನು ಕೇಳಿ. ಅಲ್ಲಿ ಬೇಕಂತಲೇ ನಿಲ್ಲಿಸಿರುತ್ತಾರೆ.

ದೂರು ಕೊಡುವಾಗ ಟೊರೆಂಟ್ ಬರ್ತಿಲ್ಲ ಅಂದರೆ ಫೋನ್ ಎತ್ತಿದವರು ನಿಮ್ಮನ್ನೇ ಕಳ್ಳರಂತೆ ನೋಡುತ್ತಾರೆ. ಉಬುಂಟು ಹೆಸರು, ದಿನ, ಗಂಟೆ, ಎರಡು ಸ್ಪೀಡ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮಾತಾಡಿ. ದೂರಿನ ನಂಬರ್ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ನಂಬರೇ ಬೇಕು.

ತಾಣವೇ ತೆರೆಯದಿರುವುದು ಬೇರೆ ವಿಷಯ. ಅದು ಹೆಚ್ಚಾಗಿ ಕೋರ್ಟ್ ಅಥವಾ ಸರ್ಕಾರದ ಆದೇಶ. ಹೊಸ ಸಿನಿಮಾ ಕದಿಯಲು ಸುತ್ತುದಾರಿ ಹೇಳಿಕೊಡಿ ಅಂದರೆ ಈ ಲೇಖನದಲ್ಲಿ ಸಿಗುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಆದರೆ ಆದೇಶಗಳೂ ಕೆಲವೊಮ್ಮೆ ಗುರಿ ತಪ್ಪುತ್ತವೆ. 2017ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದ ಪೈರಸಿ ಪಟ್ಟಿಯಲ್ಲಿ ಇಂಟರ್ನೆಟ್ ಆರ್ಕೈವ್ ಕೂಡ ಸೇರಿಹೋಗಿ ಇಲ್ಲಿ ತೆರೆಯುತ್ತಿರಲಿಲ್ಲ. ಹಳೆಯ ಕನ್ನಡ ಪುಸ್ತಕ ಹುಡುಕುವವರಿಗೆ ಅದೇ ದೊಡ್ಡ ಕಪಾಟು. ಅಂದ ಹಾಗೆ ಅಲ್ಲಿನ ಟೊರೆಂಟ್‌ಗಳಲ್ಲಿ ಬೇರೆ ಯಾರೂ ಹಂಚದಿದ್ದರೂ ಆರ್ಕೈವ್‌ನ ಸರ್ವರ್‌ನಿಂದಲೇ ಫೈಲ್ ಬರುತ್ತದೆ.

ಅಣ್ಣನ ಮಗನ ಕತೆ ಹನ್ನೊಂದಕ್ಕೇ ಮುಗಿಯಲಿಲ್ಲ. ಅವನಿಗೆ ನಿಜವಾಗಿ ಬೇಕಿದ್ದದ್ದು ಮನೆಯ ಹಳೇ 32 ಬಿಟ್ ಲ್ಯಾಪ್‌ಟಾಪ್‌ಗೆ ಉಬುಂಟು ಥರದ್ದೇ ಆದ ಲಿನಕ್ಸ್ ಮಿಂಟ್ 19.3. ಅದರ ಬೆಂಬಲ 2023ರಲ್ಲೇ ಮುಗಿದಿದೆ, ನೆಟ್‌ಗೆ ಹಾಕಬೇಡ, ಟೈಪ್ ಮಾಡಲು ಮಾತ್ರ ಇಟ್ಟುಕೋ ಅಂದೆ. ಎಲ್ಲಿಂದಲೋ ಸಿಕ್ಕಿದ ಟೊರೆಂಟ್‌ನಲ್ಲಿ ಸೀಡ್ಸ್ 0 (1). ವ್ಯಾನ್ ಐಪಿ ನೋಡಿದರೆ 100.72. ಐಪಿವಿ6 ಆನ್ ಮಾಡಿಸಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಮೆಸೇಜ್ ಬಂತು: "ರಾತ್ರಿ ಎರಡಕ್ಕೆ ಬಂದಿದೆ ಚಿಕ್ಕಪ್ಪ. ಆಫ್ ಮಾಡಿಲ್ಲ, ಹಾಗೇ ಬಿಟ್ಟಿದೀನಿ. ಈಗ ಇನ್ಯಾರೋ ನನ್ನಿಂದ ತಗೋತಿದಾರೆ."