ಎರಡನೇ ಚಾನೆಲ್ ಆನ್ ಮಾಡಿದ ಕೂಡಲೇ ಎಸ್‌ಡಿಆರ್ ತಡವರಿಸುತ್ತದೆಯೇ? ಹೀಗೆ ಹುಡುಕಿ

ಒಂದು ಚಾನೆಲ್ (ಒಂದು ಆಂಟೆನಾದ ದಾರಿ) ಚೆನ್ನಾಗಿ ಓಡುತ್ತಿರುತ್ತದೆ. ಎರಡನೆಯದನ್ನು ಆನ್ ಮಾಡುತ್ತೀರಿ, ಟರ್ಮಿನಲ್ ತುಂಬ ಇಂಗ್ಲಿಷಿನ ‘ಓ’ ಅಕ್ಷರ ಸಾಲುಗಟ್ಟಿ ಬೀಳತೊಡಗುತ್ತದೆ. ಸಾಫ್ಟ್‌ವೇರ್ ರೇಡಿಯೊ, ಅಂದರೆ ಸಿಗ್ನಲನ್ನು ಅಂಕಿಗಳಾಗಿ ಕಂಪ್ಯೂಟರಿಗೆ ಕಳಿಸಿ ಉಳಿದ ಕೆಲಸವನ್ನು ಅಲ್ಲೇ ಮಾಡಿಸುವ ಎಸ್‌ಡಿಆರ್ ಬೋರ್ಡು ಹಿಡಿದುಕೊಂಡ ಎಲ್ಲರಿಗೂ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ಪ್ರಾಜೆಕ್ಟ್ ಹೊತ್ತಿನಲ್ಲಿ ನನ್ನನ್ನು ಕೇಳುವ ಮೊದಲ ಪ್ರಶ್ನೆಯೂ ಇದೇ: ಬೋರ್ಡು ಕೆಟ್ಟಿದೆಯಾ? ಹೆಚ್ಚಿನ ಸಲ ಕೆಟ್ಟಿರುವುದಿಲ್ಲ.

ಜೂನ್‌ನಲ್ಲಿ ಅಡಿಕೆ ತೋಟದ ಬಸಿಗಾಲುವೆ ಉಕ್ಕಿದರೆ ನಾವು ಉಕ್ಕಿದ ಜಾಗವನ್ನೇ ಅಗೆಯುತ್ತಾ ಕೂರುವುದಿಲ್ಲ, ಕೆಳಗೆ ಎಲ್ಲಿ ಸೋಗೆ ಸಿಕ್ಕಿಕೊಂಡಿದೆ ಅಂತ ನೋಡುತ್ತೇವೆ ಅಲ್ವಾ? ಇಲ್ಲಿಯೂ ಹಾಗೆಯೇ. ‘ಓ’ ಅಂದರೆ ಓವರ್‌ಫ್ಲೋ. ರೇಡಿಯೊ ಸ್ಯಾಂಪಲ್‌ಗಳನ್ನು (ಸಿಗ್ನಲಿನ ಅಳತೆಗಳನ್ನು) ಕಳಿಸುತ್ತಲೇ ಇದೆ, ಕಂಪ್ಯೂಟರ್ ಅಷ್ಟೇ ವೇಗದಲ್ಲಿ ತೆಗೆದುಕೊಳ್ಳುತ್ತಿಲ್ಲ. ‘ಯು’ ಬಂದರೆ ಉಲ್ಟಾ, ನೀವು ಕಳಿಸುವ ಕಡೆಯಲ್ಲಿ ಡೇಟಾ ಸಾಲುತ್ತಿಲ್ಲ. ‘ಎಲ್’ ಅಂದರೆ ಹೇಳಿದ ಸಮಯ ದಾಟಿದ ಮೇಲೆ ಪ್ಯಾಕೆಟ್ ಮುಟ್ಟಿದೆ. (ಪ್ರಸಾರ ಮಾಡಲು ಲೈಸೆನ್ಸ್ ಬೇಕು. ಅದಿಲ್ಲದಿದ್ದರೆ ಸುಮ್ನೆ ಕೇಳುವುದಷ್ಟೇ ಮಾಡಿ.) ಮೊದಲು ಯಾವ ಅಕ್ಷರ ಬಂದಿದೆ ಅಂತ ಸರಿಯಾಗಿ ಓದಿ, ಆಮೇಲೆ ಕೈ ಹಾಕಿ.

ಲೆಕ್ಕ ಹಾಕಿ

ನಾನು ಬಳಸುವುದು ಯುಎಸ್‌ಆರ್‌ಪಿ ಬಿ210 ಎಂಬ ಎಸ್‌ಡಿಆರ್ ಬೋರ್ಡು. ಎರಡು ಚಾನೆಲ್ ಕೇಳಬಲ್ಲದು, ಎರಡು ಕಳಿಸಬಲ್ಲದು. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಒಂದು ಸ್ಯಾಂಪಲ್‌ಗೆ 4 ಬೈಟ್. ಸೆಕೆಂಡಿಗೆ 80 ಲಕ್ಷ ಸ್ಯಾಂಪಲ್ ತೆಗೆದುಕೊಂಡರೆ ಒಂದು ಚಾನೆಲ್‌ಗೆ 32 ಮೆಗಾಬೈಟ್, ಎರಡಕ್ಕೆ 64. ಯುಎಸ್‌ಬಿ 2.0 ನಿಜವಾಗಿ ದಾಟಿಸುವುದು ಸೆಕೆಂಡಿಗೆ ಸುಮಾರು 35ರಿಂದ 40 ಮೆಗಾಬೈಟ್ ಮಾತ್ರ. ಒಂದು ಚಾನೆಲ್ ಯಾಕೆ ಓಡಿತು, ಎರಡು ಯಾಕೆ ಓಡಲಿಲ್ಲ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ. ಇನ್ನೊಂದು ಮಿತಿಯೂ ನೆನಪಿರಲಿ. ಈ ಬೋರ್ಡು ಒಂದೇ ಚಾನೆಲ್ ಇದ್ದರೆ ಸೆಕೆಂಡಿಗೆ 61.44 ಮೆಗಾಸ್ಯಾಂಪಲ್ (ಒಂದು ಮೆಗಾ ಅಂದರೆ ಹತ್ತು ಲಕ್ಷ) ತನಕ ಹೋಗುತ್ತದೆ, ಎರಡು ಹಾಕಿದರೆ ಒಂದೊಂದಕ್ಕೆ 30.72ಕ್ಕೆ ಇಳಿಯುತ್ತದೆ.

ನಮ್ಮಲ್ಲಿ ಯುಎಸ್‌ಬಿ 3 ಇದೆ ಅನ್ನುತ್ತೀರಾ? ಇದ್ದರೂ ಪರೀಕ್ಷೆ ಮಾಡಿ. ಪ್ರೋಗ್ರಾಂ ಶುರುವಾಗುವಾಗ ಯುಎಸ್‌ಬಿ 2 ಮೇಲೆ ಓಡುತ್ತಿದೆಯೋ 3 ಮೇಲೋ ಎಂದು ಒಂದು ಸಾಲು ಬರುತ್ತದೆ, ಯಾರೂ ಅದನ್ನು ಓದುವುದಿಲ್ಲ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡಿಗೆ ‘-ಟಿ’ ಸೇರಿಸಿ ಕೊಟ್ಟರೆ ನಿಮ್ಮ ಬೋರ್ಡಿನ ಮುಂದೆ 5000 ಇರಬೇಕು. 480 ಇದ್ದರೆ ಅದು ಯುಎಸ್‌ಬಿ 2ಕ್ಕೆ ಇಳಿದಿದೆ. ಪ್ಲಗ್ಗನ್ನು ಮೆಲ್ಲಗೆ ತೂರಿಸಿದಾಗ ಹೀಗಾಗುವುದುಂಟು, ಯುಎಸ್‌ಬಿ 2ರ ಪಿನ್‌ಗಳು ಮೊದಲು ತಾಗಿ ಅಲ್ಲೇ ಸಂಪರ್ಕ ಕುದುರಿಬಿಡುತ್ತದೆ. ಪೂರ್ತಿ ಕಿತ್ತು ಒಂದೇ ಏಟಿಗೆ ಗಟ್ಟಿಯಾಗಿ ಹಾಕಿ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ಕನೆಕ್ಟರ್‌ಗಳ ಒಳಗೆ ಹಸಿರು ಕಿಲುಬು ಕಟ್ಟಿರುತ್ತದೆ, ಟಾರ್ಚ್ ಬಿಟ್ಟು ನೋಡಿ. ಹಬ್ ಇದ್ದರೆ ತೆಗೆದು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ.

ಡಿಸ್ಕಾ, ಪ್ರೊಸೆಸರಾ?

ಇದನ್ನು ಬೇರ್ಪಡಿಸಲು ಸುಲಭ ದಾರಿ ಇದೆ. ಬರುವ ಡೇಟಾವನ್ನು ಫೈಲ್‌ಗೆ ಬರೆಯುವ ಬದಲು ‘ಡೆವ್ ನಲ್’ಗೆ ಬಿಡಿ, ಅಂದರೆ ಎಲ್ಲವನ್ನೂ ಹಾಗೇ ಚೆಲ್ಲಿಬಿಡಿ. ‘ಓ’ ನಿಂತರೆ ತಪ್ಪು ಡಿಸ್ಕಿನದು. ಎರಡು ಚಾನೆಲ್ 10 ಮೆಗಾಸ್ಯಾಂಪಲ್‌ನಲ್ಲಿ ಓಡಿಸಿದರೆ ನಿಮಿಷಕ್ಕೆ 4.8 ಗಿಗಾಬೈಟ್ ಬೀಳುತ್ತದೆ. ಸಾಮಾನ್ಯ ಮೆಮೊರಿ ಕಾರ್ಡ್ ಅದನ್ನು ತಾಳಿಕೊಳ್ಳುವುದಿಲ್ಲ, ಎಸ್‌ಎಸ್‌ಡಿ ಬೇಕು. ಸ್ವಲ್ಪ ಹೊತ್ತಿನ ರೆಕಾರ್ಡಿಂಗ್ ಆದರೆ ರ‍್ಯಾಮ್‌ಗೇ ಬರೆದು ಆಮೇಲೆ ನಕಲು ಮಾಡಿಕೊಳ್ಳಬಹುದು.

ಚೆಲ್ಲಿದರೂ ‘ಓ’ ನಿಲ್ಲದಿದ್ದರೆ ಪ್ರೊಸೆಸರ್ ನೋಡಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಅಟ್ಟದಲ್ಲಿ ಎರಡು ಆಂಟೆನಾ ಹಾಕಿ ಕೂತಿದ್ದೆ. ಮಧ್ಯಾಹ್ನವೆಲ್ಲ ಒಂದು ತಪ್ಪೂ ಇಲ್ಲ. ಸಂಜೆ ಮಳೆ ಹಿಡಿದ ಕೂಡಲೇ ಓವರ್‌ಫ್ಲೋ ಶುರು. ಮೂರು ದಿನ ಹೀಗೇ ಆಯಿತು. ಆಂಟೆನಾ ನೆನೆದು ಹೀಗಾಗುತ್ತಿದೆ ಅಂತ ಜೋಡಣೆಗಳಿಗೆಲ್ಲ ಟೇಪ್ ಸುತ್ತಿದೆ, ಏನೂ ಬದಲಾಗಲಿಲ್ಲ. ನಾಲ್ಕನೇ ದಿನ ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ಬ್ಯಾಟರಿ ಚಿತ್ರ ಕಣ್ಣಿಗೆ ಬಿತ್ತು. ಮಳೆ ಬಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ಪ್ರೊಸೆಸರ್ ವೇಗ ತಗ್ಗಿಸುತ್ತದೆ, ಒಂದು ಚಾನೆಲ್ಲಿಗೆ ಆ ವೇಗ ಸಾಕು, ಎರಡಕ್ಕೆ ಸಾಲುವುದಿಲ್ಲ. ಪವರ್ ಸೆಟ್ಟಿಂಗನ್ನು ‘ಪರ್ಫಾರ್ಮೆನ್ಸ್’ಗೆ ಹಾಕಿದೆ, ಅವತ್ತೇ ನಿಂತಿತು. ಓವರ್‌ಫ್ಲೋಗೂ ಆಂಟೆನಾಗೂ ಸಂಬಂಧವೇ ಇಲ್ಲ. ಆಂಟೆನಾ ಕಿತ್ತರೂ ರೇಡಿಯೊ ಅಷ್ಟೇ ಸ್ಯಾಂಪಲ್ ಕಳಿಸುತ್ತದೆ.

‘ಈಗಲೇ ಶುರು ಮಾಡು’ ಅನ್ನಬೇಡಿ

ಇದು ಎರಡು ಚಾನೆಲ್ ಇದ್ದಾಗ ಮಾತ್ರ ಬರುವ ತಪ್ಪು, ಸ್ವಂತ ಕೋಡ್ ಬರೆಯುವವರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಒಂದೇ ಸ್ಟ್ರೀಮರ್‌ನ (ಡೇಟಾ ತರುವ ಕೊಂಡಿಯ) ಹಲವು ಚಾನೆಲ್‌ಗಳಿಗೆ ‘ಸ್ಟ್ರೀಮ್ ನೌ’ ಕೊಟ್ಟರೆ ಬೋರ್ಡನ್ನು ನಡೆಸುವ ಯುಎಚ್‌ಡಿ ಡ್ರೈವರ್ ಒಪ್ಪುವುದಿಲ್ಲ, ಚಾನೆಲ್‌ಗಳ ಸಮಯ ಹೊಂದುವುದಿಲ್ಲ ಎಂದು ನೇರವಾಗಿ ಎರರ್ ಕೊಡುತ್ತದೆ. ಎತ್ತಿನ ಜೋಡಿಯಲ್ಲಿ ಒಂದು ಮೊದಲು ಹೆಜ್ಜೆ ಇಟ್ಟರೆ ನೊಗ ವಾಲಿದ ಹಾಗೆ. ಎರಡಕ್ಕೂ ಮುಂದಿನ ಒಂದೇ ಗಳಿಗೆ ಗೊತ್ತು ಮಾಡಬೇಕು. ‘ಸ್ಟ್ರೀಮ್ ನೌ’ ಅನ್ನು ಫಾಲ್ಸ್ ಮಾಡಿ, ರೇಡಿಯೊದ ಈಗಿನ ಸಮಯ ಓದಿ, ಅದಕ್ಕೆ ಅರ್ಧ ಸೆಕೆಂಡ್ ಕೂಡಿಸಿ ಕೊಡಿ. ತೀರಾ ಕಡಿಮೆ ಕೂಡಿಸಿದರೆ ಕಮಾಂಡ್ ಮುಟ್ಟುವಷ್ಟರಲ್ಲಿ ಸಮಯ ದಾಟಿ ‘ಲೇಟ್ ಕಮಾಂಡ್’ ಬರುತ್ತದೆ.

ಇಷ್ಟು ಮಾಡಿದ ಮೇಲೂ ಕೆಲವರಿಗೆ ಟೈಮ್‌ಔಟ್ ಬರುತ್ತದೆ. ಕಾರಣ ಸಣ್ಣದು. ಡೇಟಾ ತೆಗೆದುಕೊಳ್ಳುವ ‘ರಿಸೀವ್’ ಫಂಕ್ಷನ್ ತಾನಾಗಿ ಕಾಯುವುದು 0.1 ಸೆಕೆಂಡ್ ಮಾತ್ರ. ನೀವು ಅರ್ಧ ಸೆಕೆಂಡ್ ಆಮೇಲೆ ಬಾ ಅಂದಿದ್ದೀರಿ, ಅದು ಕಾದು ಕೈಬಿಟ್ಟಿತು. ಮೊದಲ ಸಲಕ್ಕೆ ಟೈಮ್‌ಔಟ್ ಒಂದು ಸೆಕೆಂಡ್ ಇಡಿ.

ಬ್ಲಾಕ್‌ಗಳನ್ನು ಜೋಡಿಸಿ ರೇಡಿಯೊ ಕಟ್ಟುವ ಗ್ನೂ ರೇಡಿಯೊ ಸಾಫ್ಟ್‌ವೇರ್ ಬಳಸುವವರು ಎರಡು ಸೋರ್ಸ್ ಬ್ಲಾಕ್ ಇಡಬೇಡಿ, ಒಂದೇ ಬೋರ್ಡನ್ನು ಎರಡು ಸಲ ತೆರೆಯಲು ಆಗುವುದಿಲ್ಲ. ಒಂದೇ ಬ್ಲಾಕಿನಲ್ಲಿ ಚಾನೆಲ್ ಸಂಖ್ಯೆ 2 ಮಾಡಿ, ಬಿ210 ಆದರೆ ಸಬ್‌ಡಿವೈಸ್ ಜಾಗದಲ್ಲಿ ‘ಎ:ಎ ಎ:ಬಿ’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ.

ಅಗ್ಗದ ಡಾಂಗಲ್ ಎರಡು ಇದ್ದರೆ

ಆರ್‌ಟಿಎಲ್ ಡಾಂಗಲ್‌ಗಳನ್ನು (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್‌ಗಳನ್ನು) ಸೆಕೆಂಡಿಗೆ 2.4 ಮೆಗಾಸ್ಯಾಂಪಲ್‌ಗಿಂತ ಮೇಲೆ ಓಡಿಸಬೇಡಿ, 3.2ರಲ್ಲಿ ಸ್ಯಾಂಪಲ್ ಬಿದ್ದುಹೋಗುತ್ತವೆ. ಎರಡಕ್ಕೂ ಒಂದೇ ಸೀರಿಯಲ್ ನಂಬರ್ ಇದ್ದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ, ಒಂದರದ್ದನ್ನು ಬದಲಿಸಿ. ಹಲವು ಡಾಂಗಲ್ ಹಾಕಿದಾಗ ಮೆಮೊರಿ ಸಾಲದು ಎಂದು ಬಂದರೆ ಲಿನಕ್ಸ್ ಯುಎಸ್‌ಬಿಗೆ ಕೊಡುವ 16 ಮೆಗಾಬೈಟ್ ಮಿತಿಯನ್ನು ಏರಿಸಿ. ಆದರೆ ಒಂದೊಂದು ಡಾಂಗಲ್‌ಗೂ ತನ್ನದೇ 28.8 ಮೆಗಾಹರ್ಟ್ಜ್ ಹರಳು, ಅಂದರೆ ತಾಳ ಹಾಕುವ ಕ್ಲಾಕ್ ಇರುತ್ತದೆ. ಕ್ಲಾಕ್ ಹಂಚಿಕೊಳ್ಳದೆ ಅವು ಎಷ್ಟು ತಿದ್ದಿದರೂ ಜೊತೆಯಾಗಿ ನಡೆಯುವುದಿಲ್ಲ. ದಿಕ್ಕು ಹುಡುಕುವ ಕೆಲಸಕ್ಕೆ ಇವನ್ನು ನಂಬಬೇಡಿ.

ಕೊನೆಗೆ ಭದ್ರಾವತಿ ಸ್ಟೇಷನ್ ಹಿಡಿಯಿರಿ

ಎರರ್ ಬರದಿದ್ದರೆ ಎಲ್ಲ ಸರಿ ಅಂತಲ್ಲ. ಒಂದು ಆಂಟೆನಾದ ಸಿಗ್ನಲನ್ನು ಸ್ಪ್ಲಿಟರ್‌ನಿಂದ ಎರಡು ಮಾಡಿ, ಒಂದೇ ಉದ್ದದ ಕೇಬಲ್‌ಗಳಲ್ಲಿ ಎರಡೂ ಚಾನೆಲ್‌ಗೆ ಕೊಡಿ. ಭದ್ರಾವತಿ ಆಕಾಶವಾಣಿಯ ಎಫ್‌ಎಂ ಹಿಡಿದು, ಎರಡರ ಫೇಸ್ ವ್ಯತ್ಯಾಸವನ್ನು (ಒಂದರ ಅಲೆ ಇನ್ನೊಂದಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಎಂಬುದನ್ನು) ಪರದೆಯಲ್ಲಿ ಗೆರೆಯಾಗಿ ನೋಡಿ. ಗೆರೆ ಓರೆಯಾಗಿ ಜಾರುತ್ತಿದ್ದರೆ ಕ್ಲಾಕ್ ಬೇರೆ ಬೇರೆ. ನಡುವೆ ತಟ್ಟನೆ ಹಾರಿದರೆ ಅಲ್ಲಿ ಒಂದು ಚಾನೆಲ್ಲಿನ ಸ್ಯಾಂಪಲ್ ಬಿದ್ದಿದೆ. ಮಟ್ಟಸವಾಗಿ ನಿಂತರೆ ಗೆದ್ದಿರಿ. ಕೇಬಲ್ ಉದ್ದದಲ್ಲಿ ಅಸಡ್ಡೆ ಬೇಡ. 100 ಮೆಗಾಹರ್ಟ್ಜ್‌ನಲ್ಲಿ ಸಾಮಾನ್ಯ ಕೋಆಕ್ಸ್ ಕೇಬಲ್ 10 ಸೆಂಟಿಮೀಟರ್ ಹೆಚ್ಚಾದರೂ ಫೇಸ್ ಸುಮಾರು 18 ಡಿಗ್ರಿ ಸರಿಯುತ್ತದೆ. ಸ್ಪ್ಲಿಟರ್ ಇದ್ದಾಗ ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಅದನ್ನು ತೆಗೆದು ಎರಡು ಆಂಟೆನಾ ಹಾಕಿ, ಬರೆದಿಟ್ಟದ್ದನ್ನು ಕಳೆಯಿರಿ. ಉಳಿಯುವ ವ್ಯತ್ಯಾಸ ಸಿಗ್ನಲ್ ಬಂದ ದಿಕ್ಕಿನದು.