ಬಸುರಿಯಾದಾಗ ನನ್ನದೇ ಅಂಗಡಿಯ ಮಾತ್ರೆಗಳು

ಅರಸೀಕೆರೆಯಲ್ಲಿ ನಮ್ಮದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಫಾರ್ಮಸಿ ಓದಿಕೊಂಡ ನಾನೇ ಕೌಂಟರಿನಲ್ಲಿ ನಿಲ್ಲುತ್ತೇನೆ. "ಅಕ್ಕಾ, ನಮ್ಮನೆಯವಳು ಬಸುರಿ, ಸೊಂಟ ನೋವಂತೆ, ಒಂದು ಮಾತ್ರೆ ಕೊಡಿ" ಅಂತ ವಾರಕ್ಕೆ ನಾಲ್ಕೈದು ಜನವಾದರೂ ಬರುತ್ತಾರೆ. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ನಾನೇ ಬಸುರಿಯಾದಾಗ ಅವರ ಸಂಕಟ ಗೊತ್ತಾಯಿತು. ಹೇಳಿಕೊಂಡರೆ ಸಣ್ಣ ತೊಂದರೆ, ಆದರೆ ರಾತ್ರಿಯೆಲ್ಲ ನಿದ್ದೆ ಇರಲ್ಲ. ಮೇಲಾಗಿ ನನಗೆ ಮಾತ್ರೆಗಳು ಕೈ ಚಾಚಿದರೆ ಸಿಗುತ್ತಿದ್ದವು. ಅದಕ್ಕೇ ಮೊದಲ ದಿನವೇ ಒಂದು ತೀರ್ಮಾನ ಮಾಡಿದೆ: ಡಾಕ್ಟರಮ್ಮನಿಗೆ ಹೇಳದೆ ನಮ್ಮ ಅಂಗಡಿಯ ಒಂದು ಮಾತ್ರೆಯನ್ನೂ ನುಂಗಬಾರದು.

ಮೊದಲು ಕಾಡಿದ್ದು ವಾಕರಿಕೆ. ಒಗ್ಗರಣೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ದಿಂಬಿನ ಪಕ್ಕ ಡಬ್ಬಿಯಲ್ಲಿ ಒಣ ಮಂಡಕ್ಕಿ ಇಟ್ಟುಕೊಂಡೆ. ಏಳುವ ಮೊದಲೇ ಒಂದು ಹಿಡಿ ತಿಂದು, ಹತ್ತು ನಿಮಿಷ ಹಾಗೇ ಮಲಗಿರುತ್ತಿದ್ದೆ. ಹೊಟ್ಟೆ ಖಾಲಿ ಬಿಟ್ಟಷ್ಟೂ ವಾಕರಿಕೆ ಜಾಸ್ತಿ. ಹಾಗಾಗಿ ಎರಡು ಗಂಟೆಗೊಮ್ಮೆ ಏನಾದರೂ ಸ್ವಲ್ಪ ತಿನ್ನುತ್ತಿದ್ದೆ. ಒಂಬತ್ತನೇ ವಾರದಲ್ಲಿ ಮಾತ್ರ ಒಂದು ದಿನ ನೀರು ಕುಡಿದರೂ ನಿಲ್ಲಲಿಲ್ಲ. ಮೂತ್ರ ಗಾಢ ಹಳದಿಯಾಯಿತು, ಎದ್ದು ನಿಂತರೆ ತಲೆ ಸುತ್ತು. ಅವತ್ತೇ ಆಸ್ಪತ್ರೆಗೆ ಹೋದೆ. ಡ್ರಿಪ್ ಹಾಕಿ, ವಾಕರಿಕೆಗೆ ಡಾಕ್ಸಿಲಮಿನ್ ಮತ್ತು ವಿಟಮಿನ್ ಬಿ6 ಸೇರಿದ ಮಾತ್ರೆ ಬರೆದುಕೊಟ್ಟರು. ಅದನ್ನು ನಾನು ಎಷ್ಟೋ ಜನಕ್ಕೆ ಮಾರಿದ್ದೆ. ಅದು ತರುವ ನಿದ್ದೆ ಎಂಥದು ಅಂತ ಗೊತ್ತಾದದ್ದು ಆಗಲೇ. ಈಗ ಕೊಡುವಾಗ, ರಾತ್ರಿ ಮಲಗುವಾಗ ತಗೊಳ್ಳಿ ಅಂತ ಬರೆದಿದ್ದರೆ ಹಾಗೇ ಮಾಡಿ ಅಂತ ಒತ್ತಿ ಹೇಳುತ್ತೇನೆ.

ನಾಲ್ಕನೇ ತಿಂಗಳಿಗೆ ಕಬ್ಬಿಣಾಂಶದ ಮಾತ್ರೆ ಶುರುವಾಯಿತು. ಅದರ ಜೊತೆಗೇ ಮಲಬದ್ಧತೆ. ಮಲ ಕಪ್ಪಗಾದದ್ದನ್ನು ನೋಡಿ ಅತ್ತೆ ಹೆದರಿದರು. ಅದು ಮಾತ್ರೆಯ ಬಣ್ಣ, ಭಯ ಬೇಡ ಅಂತ ಹೇಳಿದೆ. ಹೊಟ್ಟೆ ಹೋಗಲಿ ಅಂತ ಅವರು ಹರಳೆಣ್ಣೆ ತಂದರು. ಬಸುರಿನಲ್ಲಿ ಹರಳೆಣ್ಣೆ ಬೇಡವೇ ಬೇಡ, ಅದು ಗರ್ಭಕೋಶವನ್ನೂ ಕೆರಳಿಸಬಹುದು. ಡಾಕ್ಟರನ್ನು ಕೇಳಿ ಇಸಬ್‌ಗೋಲ್ ತಗೊಂಡೆ, ನೀರು ಜಾಸ್ತಿ ಕುಡಿದೆ, ಊಟಕ್ಕೆ ಸೊಪ್ಪಿನ ಸಾರು ಹೆಚ್ಚಿಸಿದೆ. ಮಾತ್ರೆ ನುಂಗುವ ಹೊತ್ತಿಗೆ ಕಾಫಿ, ಟೀ ಮುಟ್ಟಲಿಲ್ಲ. ನಿಂಬೆ ಪಾನಕದ ಜೊತೆ ತಗೊಂಡೆ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇಟ್ಟೆ. ಎದೆಯುರಿಗೆ ಕೊಟ್ಟ ಆಂಟಾಸಿಡ್‌ಗೂ ಅದೇ ಲೆಕ್ಕ. ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಜ ಹೇಳಬೇಕೆಂದರೆ, ರಾತ್ರಿಯ ಮುದ್ದೆಯನ್ನು ಏಳೂವರೆಗೇ ಮುಗಿಸಿ, ತಲೆ ಕಡೆ ಎತ್ತರ ಮಾಡಿ, ಎಡಕ್ಕೆ ಹೊರಳಿ ಮಲಗಿದಾಗ ಎದೆಯುರಿಗೆ ಆಂಟಾಸಿಡ್ ಬೇಕಾದದ್ದೇ ಕಡಿಮೆ.

ಸೊಂಟ ನೋವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ನೋವು ಅಂದರೆ ಜನ ಕೇಳುವುದು ಡೈಕ್ಲೋಫೆನಾಕ್ ಇಲ್ಲವೇ ಐಬುಪ್ರೊಫೆನ್ ಇರುವ ಮಾತ್ರೆ. 20 ವಾರ ದಾಟಿದ ಮೇಲೆ ಈ ಜಾತಿಯ ಮಾತ್ರೆಗಳಿಂದ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿತ್ತು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ಒಂದು ರಕ್ತನಾಳ ಹುಟ್ಟುವ ಮೊದಲೇ ಮುಚ್ಚಿಕೊಳ್ಳುವ ಅಪಾಯವೂ ಇದೆ. ನೆಗಡಿ ಮಾತ್ರೆ ಅಂತ ಮಾರುವ ಕೆಲವು ಮಾತ್ರೆಗಳಲ್ಲೂ ಇವು ಸೇರಿರುತ್ತವೆ. ಬಿಪಿ ಏರದಿರಲಿ ಅಂತ ಡಾಕ್ಟರೇ ಕೊಡುವ ಕಡಿಮೆ ಡೋಸಿನ ಆಸ್ಪಿರಿನ್ ಬೇರೆ ವಿಷಯ, ಅದನ್ನು ನೀವಾಗಿ ನಿಲ್ಲಿಸಬೇಡಿ. ನಾನು ಬಿಸಿನೀರಿನ ಚೀಲ, ಮೊಣಕಾಲಿನ ನಡುವೆ ದಿಂಬು, ಅಂಗಡಿಯಲ್ಲಿ ಕೂರಲು ಬೆನ್ನಿಗೆ ಆನಿಕೆ ಇರುವ ಕುರ್ಚಿ, ಇಷ್ಟರಲ್ಲೇ ಕಳೆದೆ. ತೀರಾ ಆಗದಿದ್ದಾಗ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್. ಮೂರೋ ನಾಲ್ಕೋ ಸಲ ತಗೊಂಡಿರಬಹುದು. ನೆಗಡಿಯಾದಾಗ ಬರೀ ಹಬೆ, ಉಪ್ಪುನೀರಿನ ಮುಕ್ಕಳಿಕೆ.

ಇಷ್ಟೆಲ್ಲ ಗೊತ್ತಿದ್ದ ನಾನೂ ಒಂದು ಕಡೆ ತಪ್ಪಿದೆ. ಏಳನೇ ತಿಂಗಳಲ್ಲಿ ಹೊಟ್ಟೆ ತುರಿಸುತ್ತಿತ್ತು. ಚರ್ಮ ಹಿಗ್ಗುವಾಗ ಅದು ಇದ್ದದ್ದೇ, ಕೊಬ್ಬರಿ ಎಣ್ಣೆ ಹಚ್ಚಿದರೆ ತಣ್ಣಗಾಗುತ್ತಿತ್ತು. 33ನೇ ವಾರದಲ್ಲಿ ತುರಿಕೆ ಅಂಗೈಗೆ, ಅಂಗಾಲಿಗೆ ಬಂತು. ಗುಳ್ಳೆ ಇಲ್ಲ, ದದ್ದು ಇಲ್ಲ, ಹಗಲು ಅಷ್ಟಾಗಿ ಇಲ್ಲ. ರಾತ್ರಿಯಾದರೆ ಕಾಲನ್ನು ಗೋಡೆಗೆ ಉಜ್ಜುತ್ತಿದ್ದೆ. "ಪಿತ್ತ ಕಣಮ್ಮ" ಅಂದರು ಅತ್ತೆ. ನಾನೂ ಇದನ್ನು ಮೊದಲಿನ ತುರಿಕೆಯ ಜೊತೆಗೇ ಸೇರಿಸಿ, ನಾಲ್ಕು ರಾತ್ರಿ ಸುಮ್ನೆ ಕಳೆದೆ.

ಐದನೇ ದಿನ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಅಂಗೈನಾ? ಈಗಲೇ ಬನ್ನಿ" ಅಂದರು. ರಕ್ತದಲ್ಲಿ ಪಿತ್ತಾಮ್ಲ, ಅಂದರೆ ಪಿತ್ತರಸದಲ್ಲಿರುವ ಆಮ್ಲ, ಜಾಸ್ತಿ ಬಂತು. ಅತ್ತೆಯ ಮಾತು ಸುಳ್ಳಾಗಿರಲಿಲ್ಲ. ಬಸುರಿನಲ್ಲಿ ಕೆಲವರಿಗೆ ಪಿತ್ತರಸ ಯಕೃತ್ತಿನಿಂದ ಸರಿಯಾಗಿ ಹರಿಯದೆ ರಕ್ತಕ್ಕೆ ಸೇರುತ್ತೆ. ತಾಯಿಗೆ ಹೆಚ್ಚಾಗಿ ತುರಿಕೆಯೇ ಕಾಡುವುದು. ಪಿತ್ತಾಮ್ಲ ತೀರಾ ಏರಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಹೆಚ್ಚುತ್ತೆ. ತುರಿಕೆಗೆ ಮಾತ್ರೆ ಕೊಟ್ಟರು, ವಾರವಾರವೂ ರಕ್ತ ಪರೀಕ್ಷೆ ಮಾಡಿದರು. ಮಗುವಿನ ಮಿಸುಕಾಟ ಗಮನಿಸು, ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡ ಅಂದರು. 38ನೇ ವಾರದಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿದರು. ಮಗಳು ಹುಟ್ಟಿ ಕೆಲವೇ ದಿನಕ್ಕೆ ತುರಿಕೆ ಹೋಯಿತು. ಆ ನಾಲ್ಕು ರಾತ್ರಿ ನೆನಪಾದರೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ಈಗ ಕೌಂಟರಿನ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ರಕ್ತಸ್ರಾವ, ನೀರು ಹೋಗುವುದು, ಕಣ್ಣು ಮಂಜಾಗುವ ತಲೆನೋವು, ಮುಖ ಕೈ ಊದುವುದು, ಜ್ವರ, ಉರಿಮೂತ್ರ, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಅಂಗೈ ಅಂಗಾಲಿನ ತುರಿಕೆ. ಇವಕ್ಕೆ ಇಲ್ಲಿ ಮಾತ್ರೆ ಕೇಳಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108.

ಹೋದ ತಿಂಗಳು ಒಬ್ಬ ಹುಡುಗ ಬಂದ. ಹೆಂಡತಿಗೆ ಎಂಟು ತಿಂಗಳು, ಕೆರೆತಕ್ಕೆ ಲೋಷನ್ ಬೇಕಂತೆ. "ಫೋನ್ ಹಚ್ಚಪ್ಪ, ನಾನೇ ಮಾತಾಡ್ತೀನಿ" ಅಂದೆ. "ಎಲ್ಲಿ ತುರಿಸುತ್ತಮ್ಮ, ಹೊಟ್ಟೆ ಮೇಲಾ, ಅಂಗೈಲಾ?"

"ಹೊಟ್ಟೆ ಮೇಲೆ ಅಕ್ಕಾ. ನಿನ್ನೆಯಿಂದ ಕಾಲಡಿನೂ."

ಲೋಷನ್ ಕೊಡಲಿಲ್ಲ. ಹಾಳೆ ತೋರಿಸಿ, ತಾಯಿ ಕಾರ್ಡ್ ತಗೊಂಡು ಈಗಲೇ ಹೊರಡಿ ಅಂತ ಅವನನ್ನು ಕಳಿಸಿದೆ.